ಅವ್ವನ ಕೆಂಪು ಗಿಡ

ಕಲಬುರಗಿಯ ನಮ್ಮ ಅಂಗಳದಲ್ಲಿ ತುದಿಯೆಲ್ಲ ಕೆಂಪಾಗಿ ನಿಂತ ಗಿಡಕ್ಕೆ ಮೊಮ್ಮಗಳು ಇವತ್ತು ಫೋನು ಹಿಡಿದು, "ಆಯಿ, ಇದಕ್ಕ ಪಾಯಿನ್ಸೆಟಿಯಾ ಅಂತಾರ. ಥಂಡಿಗೆ ಇದರ ಎಲಿ ಕೆಂಪ ಆಗೋದ ಹಂಗ" ಅಂದಾಗ, ಖುಷಿ ತಡೆಯಲಾರದೆ ಅವಳ ಕೆನ್ನೆ ಹಿಂಡಿಬಿಟ್ಟೆ.

ಈ ಗಿಡವನ್ನು ಅವ್ವ ತವರಿನಿಂದ ನಮ್ಮೂರು ಕಮಲಾಪುರಕ್ಕೆ ತಂದಿದ್ದಳು. ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ಚಳಿಗಾಲ ಅದರ ಎಲೆಗಳು ಮೊದಲ ಸಲ ಕೆಂಪಾದವು. ಹಿಗ್ಗಿನಲ್ಲಿ ಅವ್ವ ಅದಕ್ಕೆಂದೇ ಒಂದು ಕೊಡ ನೀರು ತರಲು ಹೋದಳು. ಬರುವಷ್ಟರಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಕುಡಗೋಲಿನಿಂದ ಅದನ್ನು ಕಡಿದು ಹಾಕಿದ್ದ.

"ಹತ್ತಿಗಿ ಬರೋ ಕೆಂಪು ರೋಗ ಇದು, ವೈನಿ. ನಮ್ಮ ಹೊಲಕ್ಕ ಹಬ್ಬಿದ್ರ?"

ಅವ್ವ ಕೊಡ ಕುಕ್ಕಿದ ರಭಸಕ್ಕೆ ಕಾಕಾನ ಧೋತರ ತೊಯ್ದುಹೋಯಿತು.

"ನಾನೂ ಕೆಂಪ ಸೀರಿ ಉಟ್ಟೀನಿ, ನನಗೂ ರೋಗ ಬಂದದೇನು? ಅದರಂಗ ನಾನೂ ತವರಿಂದ ಬಂದಾಕಿನೇ. ಕಡಿ, ನನ್ನೂ ಕಡಿ!"

ಅವ್ವ ಕಡಿದ ಟೊಂಗೆಯೊಂದನ್ನು ಎತ್ತಿಕೊಂಡಳು. ಅದರಿಂದ ಬಿಳಿ ಹಾಲು ಅವಳ ಬಳೆಗಳ ಮೇಲೆ ಸುರಿಯುತ್ತಿತ್ತು. ಒರೆಸಿಕೊಳ್ಳದೆ, ಟೊಂಗೆಯನ್ನು ಎಣ್ಣೆ ಡಬ್ಬಿಯ ಮಣ್ಣಿಗೆ ಚುಚ್ಚಿ ಅಡುಗೆಮನೆ ಹೊಸ್ತಿಲ ಬಳಿ ಇಟ್ಟಳು.

"ಇದನ್ನ ಮುಟ್ಟಿದವ್ರಿಗಿ ನನ್ನ ಕೈಯಾಗಿನ ರೊಟ್ಟಿ ಇಲ್ಲ."

ಮುಂದೆ ನನ್ನ ಮದುವೆಯಲ್ಲಿ ಅದರದೇ ಒಂದು ಕಡ್ಡಿ ಮುರಿದು ಕೈಗಿಟ್ಟಳು.

"ಆ ಮನ್ಯಾಗ ಮೊದಲ ಹೇಳಿಬಿಡವ್ವ, ಇದು ಕೆಂಪ ಆಗ್ತದ ಅಂತ."