ಭಟ್ಟಿಯ ಮುಂದೆ ಬರೆದ ಜಾಹೀರಾತು

ಹುಬ್ಬಳ್ಳಿಯಲ್ಲಿ ಕೆಲಸದ ಜಾಹೀರಾತನ್ನು ಓದುವ ಮೊದಲು ಎಲ್ಲರೂ ಮುಟ್ಟಿ ನೋಡುತ್ತಿದ್ದರು. ಬರೆಯುವಾಗ ಬರೆದವರ ಮೈ ಏನನ್ನು ಅನುಭವಿಸಿತ್ತೋ ಅದೇ ಮುಟ್ಟಿದವರ ಮೈಗೂ ಹತ್ತುತ್ತಿತ್ತು.

ಬೇಕರಿಯ ಗುರುಪಾದಪ್ಪ ಇದನ್ನು ಮರೆತು, ಭಟ್ಟಿ ನೋಡಿಕೊಳ್ಳುವವರು ಬೇಕೆಂಬ ಜಾಹೀರಾತನ್ನು ಎಸಿ ಕೋಣೆಯಲ್ಲಿ ಚಹಾ ಕುಡಿಯುತ್ತ ತಾನೇ ಬರೆದಿದ್ದ. ಮುಟ್ಟಿದವರಿಗೆಲ್ಲ ತಂಪು ಗಾಳಿ, ನಾಲಿಗೆಯ ಮೇಲೆ ಏಲಕ್ಕಿ. ಮಂದಿ ಮುಗಿಬಿದ್ದು ಬಂದರು. ಭಟ್ಟಿಯ ಬಾಯಿ ಕಂಡದ್ದೇ ಕಾಲಿಗೆ ಬುದ್ಧಿ ಹೇಳಿದರು.

ಕೊನೆಗೆ ಜಾಹೀರಾತು ಬರೆಯುವುದನ್ನೇ ಕಸುಬು ಮಾಡಿಕೊಂಡಿದ್ದ ನಾಗವೇಣಿಯನ್ನು ಕರೆಸಿದ. ಅವಳು ಬೆಳಗು ಪೂರ್ತಿ ಭಟ್ಟಿಯ ಮುಂದೆ ಬನ್ ಬೇಯಿಸಿ, ಅಲ್ಲೇ ನಿಂತು ಬರೆದು, ಬಾಗಿಲ ಪಕ್ಕ ಅಂಟಿಸಿದಳು.

ಮುಟ್ಟಿದವರು ಒಬ್ಬೊಬ್ಬರಾಗಿ ಕೈ ಝಾಡಿಸಿಕೊಂಡು ಹೊರಟುಹೋದರು.

"ಬಂದವರನ್ನ ಓಡಸಾಕ ನಿಮ್ಮನ್ನ ಕರಸಿದಂಗಾತಲ್ರಿ ಅಕ್ಕಾರ," ಎಂದು ಗುರುಪಾದಪ್ಪ ಗೊಣಗಿದ.

"ಓಡೋರು ಹೊರಗಿಂದನ ಓಡ್ಲಿ ಬಿಡ್ರಿ," ಎಂದಳು ನಾಗವೇಣಿ. "ನಮಗ ಬೇಕಾಗಿರೋದು ಒಬ್ರ."

ಮಧ್ಯಾಹ್ನ ಒಬ್ಬ ಹೆಂಗಸು ಬಂದು ಜಾಹೀರಾತಿನ ಮೇಲೆ ಅಂಗೈ ಊರಿದಳು. ಹಣೆಯಿಂದ ಬೆವರು ಇಳಿಯಿತು. ಕೈ ಮಾತ್ರ ತೆಗೆಯಲಿಲ್ಲ. ಕಣ್ಣು ಮುಚ್ಚಿ ಮೂಗರಳಿಸಿದಳು.

"ಇದನ್ನ ಬರಿಯೋ ಮುಂದ ಒಂದ್ ಟ್ರೇ ಬನ್ ಸೀದು ಹೋಗ್ಯಾವಲ್ರಿ? ಬರಿಯೋದು ಬಿಟ್ಟು ಮೊದಲ ಅವನ್ನ ತಗೀಬೇಕಿತ್ತು."

ಗುರುಪಾದಪ್ಪ ನಾಗವೇಣಿಯ ಮುಖ ನೋಡಿದ. ಆ ಟ್ರೇಯನ್ನು ಅವಳು ಮೈದಾ ಚೀಲಗಳ ಹಿಂದೆ ಬಚ್ಚಿಟ್ಟಿದ್ದಳು. ನಾಗವೇಣಿ ಎದ್ದು ಹೋಗಿ, ಗೋಡೆಯ ಮೇಲಿನ ಜಾಹೀರಾತನ್ನು ಕಿತ್ತಳು.