ಮಂದಾಕಿನಿಯ ಮೊದಲ ಬ್ಯಾಗು

ಯೂಟ್ಯೂಬ್ ನೋಡಿ ಮನೆಯಲ್ಲೇ ಚರ್ಮದ ಹ್ಯಾಂಡ್‌ಬ್ಯಾಗ್ ಹೊಲಿಯುತ್ತೇನೆಂದು ಸೊಸೆ ಮಂದಾಕಿನಿ ಹೇಳಿದ್ದೇ ತಡ, ವಾದಿರಾಜಾಚಾರ್ಯರಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು.

"ಚರ್ಮ ಅಂದ್ರೆ ಮೈಲಿಗೆ ಕಣಮ್ಮಾ! ಒಂದು ಚೂರೂ ನಮ್ಮ ಹೊಸ್ತಿಲು ದಾಟಿ ಒಳಗೆ ಬರಕೂಡದು."

"ಆಗ್ಲಿ ಮಾವ, ತರಲ್ಲ."

ಆಚಾರ್ಯರು ಅಷ್ಟಕ್ಕೆ ನಂಬುವ ಆಸಾಮಿಯಲ್ಲ. ಮಂಡಿನೋವು ಶುರುವಾದ ಮೇಲೆ ಜಪವನ್ನೂ ಕುರ್ಚಿಯಲ್ಲೇ ಕೂತು ಮುಗಿಸುತ್ತಿದ್ದವರು, ಆ ಕುರ್ಚಿಯನ್ನು ಬಾಗಿಲಿಗೇ ಎಳೆದುಕೊಂಡರು. ತಿಂಗಳಿಡೀ ಸೊಸೆ ತಂದದ್ದನ್ನೆಲ್ಲ ಮೂಸಿ ಮೂಸಿ ಒಳಗೆ ಬಿಟ್ಟರು. ಸೊಪ್ಪು ಬಂತು, ದಪ್ಪ ಸೂಜಿ ಬಂತು, ಮೇಣದ ದಾರ, ಬಣ್ಣದ ಡಬ್ಬಿ ಬಂತು. ಚರ್ಮ ಮಾತ್ರ ಬರಲಿಲ್ಲ. ಆದರೂ ಅವಳ ಕೋಣೆಯಲ್ಲಿ ಸುತ್ತಿಗೆಯ ಟಕಟಕ ನಿಲ್ಲಲಿಲ್ಲ.

ದ್ವಾದಶಿಯ ಬೆಳಿಗ್ಗೆ ಕಡುಗೆಂಪು ಬ್ಯಾಗು ಹೊರಬಂತು. ಹೊಲಿಗೆ ಸೊಟ್ಟಗಿತ್ತು, ಒಂದು ಹಿಡಿಕೆ ಇನ್ನೊಂದಕ್ಕಿಂತ ಗೇಣುದ್ದ ಹೆಚ್ಚಿತ್ತು.

"ರೆಕ್ಸಿನ್ ತಾನೇ?" ಎಂದರು ಆಚಾರ್ಯರು.

"ಅಪ್ಪಟ ಚರ್ಮ, ಮಾವ."

"ನನ್ನ ಕಣ್ಣು ತಪ್ಪಿಸಿ ಎಲ್ಲಿಂದ ತಂದೆ?"

"ಹೊರಗಿಂದ ಒಂದು ಚೂರೂ ತಂದಿಲ್ಲ. ದೇವರಮನೇಲಿ ಸುಮ್ನೆ ಬಿದ್ದಿತ್ತಲ್ಲ ಮಾವ, ನೀವು ಜಪಕ್ಕೆ ಕೂತೂ ಕೂತೂ ಕೂದಲೆಲ್ಲ ಉದುರಿಹೋದ ಜಿಂಕೆ ಚರ್ಮ!"