ಪಾಲಿನ ನಿದ್ದೆ

ಈ ಹುಡುಗಿಗೆ ಏನು ಹೇಳಬೇಕು, ಓದು ಎಂದೋ, ಇಲ್ಲಿಗೇ ಬಿಡು ಎಂದೋ? ಗದಗಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಗುರುಶಾಂತ ಸರ್ ಸೀಮೆಸುಣ್ಣ ಹಿಡಿದು ಹಾಗೇ ನಿಂತರು. ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳ ಪಾಲಿನ ನಿದ್ದೆಯನ್ನು ಮನೆಯವರೊಬ್ಬರು ಮಾಡುವುದು ಎಲ್ಲ ಊರಿನ ರೂಢಿ. ಶಾಂಭವಿಯ ಪಾಲಿನದನ್ನು ಅವಳ ಅಪ್ಪ ಮಾಡುತ್ತಿದ್ದ. ಜೂನಿನಿಂದ ಅವಳು ಕಣ್ಣು ಮುಚ್ಚಿರಲಿಲ್ಲ.

"ದೀಪಾವಳಿಗೆ ಎಬ್ಬಿಸಿದ್ರ ಅಪ್ಪ ಒಂದ್ ಹೋಳಿಗಿ ತಿಂದು ಮತ್ತ ಮಲ್ಕೊಂಡ್ರೀ ಸರ್. ಈಗ ಅಲುಗಾಡ್ಸಿದ್ರೂ ಏಳವಲ್ಲ. ನಾ ಪರೀಕ್ಷಾದಿಂದ ಹೆಸರು ತಗಸಿದ್ರ ಎದ್ದಾನೇನೋ."

"ನಮ್ಮವ್ವ ನನ್ನ ಪಾಲಿನ ಗೊರಕಿನೂ ಹೊಡಿತಾಳ. ಹೆದರಬ್ಯಾಡ ತಗೊ!" ಎಂದ ಹಿಂದಿನ ಬೆಂಚಿನ ಹುಡುಗ. ತರಗತಿ ನಕ್ಕಿತು.

ಶಾಂಭವಿ ನಗಲಿಲ್ಲ. "ಪರೀಕ್ಷಾ ಮುಗದಮ್ಯಾಲೆ ಏಳ್ತಾನಲ್ರೀ?"

ಪರೀಕ್ಷೆಗೆ ಎರಡೇ ವಾರ ಉಳಿದಿತ್ತು. ಕಾಲೇಜು ರ್‍ಯಾಂಕಿನ ಆಸೆ ಇಟ್ಟಿದ್ದು ಅವಳೊಬ್ಬಳ ಮೇಲೆ. ಕಿಟಕಿಯಾಚೆ ಪ್ರಾಂಶುಪಾಲರು ನಿಂತು ಕೇಳುತ್ತಿದ್ದರು.

"ರ್‍ಯಾಂಕ್ ಬಂದ ಸುದ್ದಿ ಕಿವ್ಯಾಗ ಬಿದ್ರ ಅಪ್ಪ ತಾನ ಎದ್ದು ಕುಂದರ್ತಾನವಾ. ಅವ ಇಷ್ಟ್ ದಿನ ಮಲಗಿದ್ದು ಹಾಳು ಮಾಡಬ್ಯಾಡ. ಪುಸ್ತಕ ತಗಿ" ಎಂದರು ಗುರುಶಾಂತ.

ಅವಳು ಪುಸ್ತಕ ತೆರೆದಳು.

ಹದಿನೆಂಟು ವರ್ಷಗಳ ಹಿಂದೆ ತಮಗೆ ರ್‍ಯಾಂಕ್ ಬಂದ ಸುದ್ದಿಯನ್ನು ಅವ್ವನ ಕಿವಿಯಲ್ಲಿ ಕೂಗಿ ಹೇಳಿದ್ದನ್ನಾಗಲಿ, ಆಕೆ ಇವತ್ತಿಗೂ ಮಲಗಿಯೇ ಇದ್ದಾಳೆಂಬುದನ್ನಾಗಲಿ ಅವರು ಹೇಳಲಿಲ್ಲ.